ಅದ್ರಾಮ ಮೇಸ್ತ್ರಿ ಹಾಕಿದ ತೇಪೆ

ಇದನ್ನು ಓದಿ ಯಾರಾದರೂ ನಕ್ಕರೆ ನನಗೆ ಬೇಸರವಿಲ್ಲ. ಆರು ವರ್ಷಗಳ ಹಿಂದೆ ಬೇರೊಬ್ಬರು ಇಂಥದ್ದನ್ನು ಬರೆದಿದ್ದರೆ ಮೊದಲು ನಗುತ್ತಿದ್ದವನು ನಾನೇ. ನಾನು ಪ್ರಾಥಮಿಕ ಶಾಲೆಯ ಮಾಸ್ತರ. ದಿನವೂ ನಡೆದದ್ದನ್ನು ಬರೆದಿಟ್ಟು, ತಾಳೆ ನೋಡಿ, ಸರಿ ಕಂಡರೆ ಮಾತ್ರ ಒಪ್ಪುವವನು. ತೀರಿಹೋದವರ ಜೀವಕ್ಕೆ ನಮ್ಮ ಕಡೆ ಕುಲೆ ಎನ್ನುತ್ತಾರೆ. ವರ್ಷಕ್ಕೊಮ್ಮೆ ಮಳೆಗಾಲದ ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸುವಾಗ ನಾನು ಸುಮ್ಮನೆ ಕೈಕಟ್ಟಿ ನಿಲ್ಲುತ್ತಿದ್ದೆ. ಅದು ಅಮ್ಮನ ಸಮಾಧಾನಕ್ಕೆ, ಅಷ್ಟೆ.

ನಮ್ಮ ಮನೆ ಕಡಬ ಪೇಟೆಯ ಅಂಚಿನಲ್ಲಿದೆ. ಅಪ್ಪನಿಗೆ ಹೊಲಿಗೆಯ ಕಸುಬು. ರಸ್ತೆ ಬದಿಯ ಕೋಣೆಯಲ್ಲಿ ಅವರ ಮೆಷಿನು, ಹಿಂದೆ ನಾವು. ನನಗೆ ಗಿರಿಜೆ ಎಂಬ ತಂಗಿಯೊಬ್ಬಳಿದ್ದಳು. ಮೂರು ತುಂಬಿದ ವರ್ಷ ಜ್ವರ ಬಂದು ತೀರಿಕೊಂಡಳು. ಸತ್ತ ಮಕ್ಕಳು ಅಲ್ಲಿಯೂ ಬೆಳೆಯುತ್ತಾರೆ ಎಂಬುದು ನಮ್ಮ ಕಡೆಯ ನಂಬಿಕೆ. ಪ್ರಾಯ ಬಂದಾಗ, ಹಾಗೆಯೇ ತೀರಿಹೋದ ಇನ್ನೊಂದು ಮನೆಯ ಹುಡುಗನೊಡನೆ ಹೆಣ್ಣುಮಕ್ಕಳ ಮದುವೆಯನ್ನೂ ಮಾಡಿಸುತ್ತಾರೆ. ಆದ್ದರಿಂದ ಆಟಿಯ ಎಲೆಯ ಬಳಿ ಇಡುವುದಕ್ಕೆಂದು ಅಪ್ಪ ಪ್ರತಿ ವರ್ಷ ಒಂದು ಲಂಗ ಹೊಲಿಯುತ್ತಿದ್ದರು, ಹಿಂದಿನ ವರ್ಷದ್ದಕ್ಕಿಂತ ಉದ್ದಕ್ಕೆ. ಅಳತೆ ಯಾರದು ಎಂದು ನಾನು ಒಮ್ಮೆ ಕೇಳಿದ್ದೆ. ಅವರು ಟೇಪನ್ನು ಸುತ್ತಿ ಬದಿಗಿಟ್ಟರು. ಶಾಲೆ ಬಿಟ್ಟಾಗ ಅಂಗಡಿಯ ಮುಂದೆ ಹಾದುಹೋಗುವ ಅವಳ ಓರಗೆಯ ಹುಡುಗಿಯರನ್ನು ಅವರು ನೋಡುತ್ತಿದ್ದ ರೀತಿ ನೆನಪಾಗಿ ನಾನು ಮತ್ತೆ ಕೇಳಲಿಲ್ಲ.

ಕೆಲಸ ಸಿಕ್ಕಿ ಎರಡನೇ ವರ್ಷ, ಅರವತ್ತೆರಡರ ಬೇಸಿಗೆ ರಜೆಯಲ್ಲಿ, ನಮ್ಮ ಮನೆಯ ಹಜಾರವಾದ ಚಾವಡಿಯ ಮಣ್ಣಿನ ನೆಲ ತೆಗೆದು ಸಿಮೆಂಟಿನ ಕಾವಿ ನೆಲ ಹಾಕಿಸಬೇಕೆಂದು ನಿರ್ಧರಿಸಿದೆ. ಅಮ್ಮನ ಮೊಣಕಾಲು ಊದಿಕೊಳ್ಳುತ್ತಿತ್ತು. ಆ ಕಾಲನ್ನು ಮಡಚಿ ಅವಳು ವಾರ ವಾರ ಸಗಣಿ ಸಾರಿಸುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. "ಮಣ್ಣಿನ ನೆಲವೇ ಸಾಕಿತ್ತು ಮಗಾ" ಎಂದು ಅವಳು ಎರಡು ಮೂರು ಸಲ ಹೇಳಿದಳು. ಖರ್ಚಿಗೆ ಹೆದರಿ ಹೇಳುತ್ತಿದ್ದಾಳೆ ಎಂದುಕೊಂಡೆ.

ಕಾವಿ ನೆಲ ಹಾಕುತ್ತೇನೆ ಎನ್ನುವವರು ಆಗ ಬೇಕಾದಷ್ಟು ಜನ ಇದ್ದರು. ಬಿರುಕು ಬಿಡದ ನೆಲ ಹಾಕುವವರು ಕಡಿಮೆ. ಪುತ್ತೂರಿನ ಒಬ್ಬ ಮೇಸ್ತ್ರಿ ನನ್ನನ್ನು ಕೂರಿಸಿ ಚಹಾ ಕೊಟ್ಟು, ಎರಡೇ ದಿನದಲ್ಲಿ ಕನ್ನಡಿಯಂಥ ನೆಲ ಮಾಡಿಕೊಡುತ್ತೇನೆಂದ. ನೀವು ಹಾಕಿದ ನೆಲ ತೋರಿಸಿ ಎಂದರೆ ಮಾತು ಬದಲಿಸಿದ. ಬೆಟ್ಟಂಪಾಡಿಯಲ್ಲಿ ನನ್ನ ಜೊತೆಯ ಮಾಸ್ತರರೊಬ್ಬರ ಮನೆಯ ನೆಲ ಮಾತ್ರ, ಹಾಕಿ ಬಹಳ ವರ್ಷವಾಗಿದ್ದರೂ, ಎಲ್ಲಿಯೂ ಕೂದಲೆಳೆಯಷ್ಟು ಬಿರುಕು ಕಾಣದೆ ತಣ್ಣಗೆ ಹೊಳೆಯುತ್ತಿತ್ತು. ಅದನ್ನು ಹಾಕಿದವರು ಆಲಂಕಾರಿನ ಅದ್ರಾಮ ಮೇಸ್ತ್ರಿ.

"ಅವರನ್ನು ಕರೀಲಿಕ್ಕೆ ಧೈರ್ಯ ಬೇಕು ಮಾರಾಯ್ರೆ" ಎಂದು ಮಾಸ್ತರರು ನಕ್ಕರು. "ನನ್ನ ಮಾವ ಊರಿಗೆಲ್ಲ ಹೊಸ ಗೋಡೆ ತೋರಿಸಿ ಮೀಸೆ ತಿರುಗಿಸ್ತಿದ್ರು. ಇವರು ಬಂದು ನೂಲು ಇಳಿಬಿಟ್ಟು, ಗೋಡೆ ಪಡುವಕ್ಕೆ ವಾಲಿದೆ ಅಂತ ಎಲ್ಲರ ಎದುರೇ ಹೇಳಿಬಿಟ್ರು. ಮಾವ ಒಂದು ವಾರ ಮಾತಾಡ್ಲಿಲ್ಲ. ಬಾಯಲ್ಲಿ ಬೆಲ್ಲ ಇಲ್ಲ ಆ ಜನಕ್ಕೆ. ಕೆಲಸ ಮಾತ್ರ ಉಂಟಲ್ಲ, ಅದರಲ್ಲಿ ಮೋಸ ಇಲ್ಲ."

ನನಗೆ ಬೇಕಾಗಿದ್ದುದು ಅಂಥವರೇ. ಅದ್ರಾಮ ಮೇಸ್ತ್ರಿ ಐವತ್ತು ದಾಟಿದ ಬ್ಯಾರಿ ಮುಸಲ್ಮಾನರು, ತೆಳ್ಳಗಿನ ಮನುಷ್ಯ. ಬಂದ ದಿನವೇ ನಾನು ತರಿಸಿಟ್ಟಿದ್ದ ಮರಳಿನ ರಾಶಿಯ ಹೊಯಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟು, ಅಂಗೈಗೆ ಅಂಟಿದ ಕೆಸರನ್ನು ನನಗೆ ತೋರಿಸಿದರು.

"ಮಾಸ್ಟ್ರೇ, ಇದು ಗದ್ದೆಗಾ, ಮನೆಗಾ?"

ಹೊಯಿಗೆಯನ್ನು ಹೊಳೆಗೆ ಹೊತ್ತು ಪುನಃ ತೊಳೆಸಿದ್ದಾಯಿತು. ಹಳೆಯ ನೆಲವನ್ನು ಒಂದು ಮೊಳ ಅಗೆದು ತೆಗೆದರು. ಆ ಮಣ್ಣನ್ನು ಬಸ್ಸು ನಿಲ್ಲುವಲ್ಲಿ ರಸ್ತೆಯ ಹೊಂಡಗಳಿಗೆ ಹಾಕಿಸಿದೆ. ಕಲ್ಲುಪುಡಿ ತುಂಬಿ, ಕುಟ್ಟಿ, ಗಾರೆ ಹಾಕಿ, ಕೊನೆಗೆ ಕಾವಿ ಬೆರೆಸಿದ ಸಿಮೆಂಟನ್ನು ಕರಣೆಯಿಂದ ನುಣ್ಣಗೆ ಎಳೆಯುವ ದಿನ ಬಂತು. ಅಡಿಗೆಮನೆಗೆ ಹೋಗುವ ಬಾಗಿಲಿಗೆ ಚಾವಡಿಯ ಒಳಗಿನಿಂದಲೇ ಅಗುಳಿ ಹಾಕಿ, ಮೇಸ್ತ್ರಿ ಅಲ್ಲಿಂದ ಕೆಲಸ ಆರಂಭಿಸಿದರು. ಕುಕ್ಕರುಗಾಲಲ್ಲಿ ಹಿಂದೆ ಹಿಂದೆ ಸರಿಯುತ್ತ ಮಧ್ಯಾಹ್ನದ ಹೊತ್ತಿಗೆ ಎದುರು ಬಾಗಿಲಿನಿಂದ ಹೊರಗೆ ಬಂದರು. ಕಿಟಕಿಗಳಿಗೆ ಮರದ ಸರಳುಗಳಿವೆ. ಎದುರು ಬಾಗಿಲನ್ನು ಬಿಟ್ಟರೆ ಚಾವಡಿಗೆ ಹೋಗುವ ದಾರಿಯೇ ಇರಲಿಲ್ಲ. ಸಂಜೆ ಅವರು ಹೊಸ್ತಿಲಿನ ಹೊರಗೆ ಕುಳಿತು ನೆಲಕ್ಕೆ ಹೆಬ್ಬೆರಳು ಒತ್ತಿದರು. ಗುರುತು ಬೀಳಲಿಲ್ಲ. ನನ್ನಿಂದಲೂ ಒತ್ತಿಸಿದರು. ಆಗಲೂ ಬೀಳಲಿಲ್ಲ.

ಆದರೂ ಅವರು ಮನೆಗೆ ಹೋಗಲಿಲ್ಲ. ಮೊದಲ ರಾತ್ರಿ ನೆಲವನ್ನು ಬಿಟ್ಟು ಹೋಗುವ ಅಭ್ಯಾಸ ತಮಗಿಲ್ಲ, ನಾಯಿ ಬೆಕ್ಕು ಹೊಕ್ಕರೆ ಹೆಸರು ಹೋಗುವುದು ತಮ್ಮದು ಎಂದರು. ಅಪ್ಪ ಅಮ್ಮ ಅಂಗಡಿಯ ಕೋಣೆಯಲ್ಲಿ ಮಲಗಿದರು. ನಾವಿಬ್ಬರು ಎದುರಿನ ಜಗಲಿಯಲ್ಲಿ. ಬಾಗಿಲನ್ನು ಎಳೆದುಕೊಂಡು ಅದಕ್ಕೆ ಅಡ್ಡವಾಗಿ ಮೇಸ್ತ್ರಿ, ಅವರ ಆಚೆ ನಾನು.

ನಡುರಾತ್ರಿ ಅವರು ನನ್ನ ಭುಜ ಅಲುಗಿಸಿದರು. "ಎಂತ ಮಾಸ್ಟ್ರೇ, ಮಲಗಿದವರನ್ನು ದಾಟುದಾ? ಸುತ್ತಿ ಹೋಗ್ಲಿಕ್ಕೆ ಜಾಗ ಇಲ್ವಾ?"

ನಾನು ಏಳಲೇ ಇಲ್ಲ ಎಂದೆ. ಎದೆಯ ಮೇಲೆ ಬಟ್ಟೆಯ ತುದಿ ಸವರಿದ ಹಾಗಾಯಿತು ಎಂದರು ಅವರು. ಹೊದಿಕೆ ಜಾರಿರಬೇಕು ಎಂದು ನಾನು ತಮಾಷೆ ಮಾಡಿದೆ. "ಸರಿ, ನಿಮ್ಮ ಹೊದಿಕೆಗೆ ಕಾಲು ಉಂಟು ಹಾಗಾದ್ರೆ" ಎಂದು ಅವರು ಮಗ್ಗುಲಾದರು. ಬಾಗಿಲು ಎಳೆದಿಟ್ಟಂತೆಯೇ ಇತ್ತು.

ಬೆಳಗ್ಗೆ ಬಾಗಿಲು ದೂಡಿದ ಮೇಸ್ತ್ರಿ ಅಲ್ಲಿಯೇ ನಿಂತುಬಿಟ್ಟರು. ನಾನು ಅವರ ಹೆಗಲಿನ ಮೇಲಿಂದ ನೋಡಿದೆ. ಕೆಂಪು ನೆಲದಲ್ಲಿ ಬರಿಗಾಲಿನ ಒಂಬತ್ತು ಹೆಜ್ಜೆಗಳು ಒತ್ತಿಕೊಂಡಿದ್ದವು. ತೆಂಕಣ ಗೋಡೆಯ ಬಳಿ, ಹಿಂದೆ ತೊಟ್ಟಿಲು ತೂಗುಹಾಕುತ್ತಿದ್ದ ಅಡ್ಡ ತೊಲೆಯ ಕೆಳಗೆ ಮೊದಲನೆಯದು. ಒಂಬತ್ತನೆಯದರ ಬೆರಳುಗಳು ಎದುರು ಬಾಗಿಲಿನ ಹೊಸ್ತಿಲನ್ನು ಮುಟ್ಟುತ್ತಿದ್ದವು. ಅವು ಆಳವೇನಿರಲಿಲ್ಲ. ಅಂಚು ಒಡೆದಿರಲಿಲ್ಲ. ಹಸಿ ಇದ್ದಾಗ ಮೆಲ್ಲಗೆ ನಡೆದಂತಿದ್ದವು. ಎಡಗಾಲಿನ ಗುರುತಿನಲ್ಲೆಲ್ಲ ಎರಡನೇ ಬೆರಳು ಹೆಬ್ಬೆರಳಿನ ಮೇಲೆ ತುಸು ಏರಿತ್ತು.

ಗಿರಿಜೆಯ ಎಡಗಾಲು ಹಾಗೆಯೇ ಇತ್ತು. ಆದರೆ ಅವಳ ಪಾದ ನನ್ನ ಅಂಗೈಯಲ್ಲಿ ಹಿಡಿಯುತ್ತಿತ್ತು. ಇದು ದೊಡ್ಡ ಹುಡುಗಿಯ ಕಾಲು.

ನಾನು ನನ್ನ ಸ್ವಭಾವಕ್ಕೆ ತಕ್ಕಂತೆ ಅಪ್ಪನ ಟೇಪು ತಂದೆ. ಅಳತೆ ತೆಗೆದುಕೊಂಡು ಹೋಗಿ ಅಕ್ಕಪಕ್ಕದ ಮಕ್ಕಳ ಕಾಲುಗಳನ್ನೆಲ್ಲ ನೋಡಿ ಬಂದೆ. ಹೊಂದುವ ಕಾಲು ಒಂದೇ ಇತ್ತು, ಆಚೆ ಮನೆಯ ಐದನೇ ಕ್ಲಾಸಿನ ಹುಡುಗಿಯದು. ಅವಳ ಹಳೆಯ ಚಪ್ಪಲಿ ಸರಿಯಾಗಿ ಹೊಂದಿತು. ಆದರೆ ಅವಳು ರಜೆಗೆ ಸುಳ್ಯದ ಅಜ್ಜಿಮನೆಗೆ ಹೋಗಿ ಹತ್ತು ದಿನವಾಗಿತ್ತು. ಅವಳ ಬೆರಳುಗಳು ನೆಟ್ಟಗಿದ್ದುದೂ ನನಗೆ ಗೊತ್ತಿತ್ತು. ಅವಳು ಗಿರಿಜೆಯ ಓರಗೆಯವಳು.

ನಾನು ಹಿಂದಿರುಗುವಾಗ ಅಮ್ಮ ಬಾಗಿಲ ಹೊರಗೆ ಕುಳಿತಿದ್ದಳು. ಎಷ್ಟೋ ವರ್ಷಗಳಿಂದ ನಾನು ಕಾಣದ ನಗೆ ಅವಳ ಮುಖದಲ್ಲಿತ್ತು. "ಅಳತೆ ಎಂತಕ್ಕೆ ಮಗಾ?" ಎಂದಳು. "ಅವಳಿಗೆ ಈಗ ಹನ್ನೊಂದು ನಡೀತಾ ಉಂಟಲ್ಲ. ಕಾಲು ಅಷ್ಟಾಗದೆ ಇರ್ತದಾ?"

ಅಪ್ಪ ಅಂಗಡಿಗೆ ಹೋಗಿ ಮೆಷಿನಿನ ಮುಂದೆ ಕುಳಿತರು. ಆ ದಿನ ಮೆಷಿನಿನ ಸದ್ದು ಕೇಳಲಿಲ್ಲ. ನಾನು ಕಂಡದ್ದನ್ನು ಅವರೂ ಕಂಡಿದ್ದರು. ಬಂದಳು, ಬಂದಳು ಎಂದು ಅಮ್ಮ ಹೇಳುತ್ತಿದ್ದಳು. ಹೆಜ್ಜೆಗಳ ಬೆರಳುಗಳಿದ್ದುದು ಹೊರಗಿನ ಕಡೆಗೆ. ಅಮ್ಮನ ಕಣ್ಣು ಕಾಲಿನ ಗಾತ್ರದಲ್ಲಿಯೇ ನಿಂತುಬಿಟ್ಟಿತ್ತು.

ಮೇಸ್ತ್ರಿಯ ಚಿಂತೆ ಬೇರೆ. "ಈ ಹೆಜ್ಜೆ ಬೀಳ್ಬೇಕಾದ್ರೆ ನಿನ್ನೆ ಮಧ್ಯಾಹ್ನವೇ ನಡೀಬೇಕು" ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಮಧ್ಯಾಹ್ನ ನಾನು ಇಲ್ಲೇ ಇದ್ದೆ, ನೀವೂ ಇದ್ರಿ. ನನಗೆ ತಲೆಗೆ ಹೋಗುದಿಲ್ಲ ಮಾಸ್ಟ್ರೇ. ಮೇಲಿನದ್ದು ಪೂರ ಕೆತ್ತಿ ನನ್ನ ಖರ್ಚಿನಲ್ಲೇ ಹೊಸತು ಹಾಕಿ ಕೊಡ್ತೇನೆ." ಉಳಿ ಹಿಡಿದು ಹೊಸ್ತಿಲ ಬಳಿ ಕುಳಿತೇಬಿಟ್ಟರು.

ಅಮ್ಮ ಅವರ ಕೈಗೆ ಅಡ್ಡ ಬಂದಳು. "ಮುಟ್ಟಬೇಡಿ ಮೇಸ್ತ್ರಿ."

"ಅಕ್ಕ, ನಾಳೆ ನೋಡಿದವರು ಎಂತ ಹೇಳ್ತಾರೆ? ಅದ್ರಾಮ ಹಾಕಿದ ನೆಲದಲ್ಲಿ ಮಕ್ಕಳು ಓಡಿದ್ದಾರೆ ಅಂತ ಹೇಳುದಿಲ್ವಾ? ಮತ್ತೆ ನನ್ನನ್ನು ಯಾರು ಕರೀತಾರೆ?"

"ಹೇಳ್ಲಿ. ನನ್ನ ಮಗಳು ಬಂದದ್ದು ಅಂತ ನಾನು ಹೇಳ್ತೇನೆ." ಆಮೇಲೆ ಸ್ವರ ತಗ್ಗಿಸಿ ಕೇಳಿದಳು. "ಬಾಗಿಲಲ್ಲಿ ಮಲಗಿದ್ದು ನೀವಲ್ವಾ? ಅವಳು ಒಳಗೆ ಬರುವಾಗ ನಿಮಗೆ ಗೊತ್ತಾಗ್ಲಿಲ್ವಾ?"

ಅಮ್ಮನ ಬೆನ್ನ ಹಿಂದೆ ನಿಂತು ನಾನು ಮೇಸ್ತ್ರಿಗೆ ಕಣ್ಣಲ್ಲೇ ಬೇಡಿಕೊಂಡೆ. ಹೌದು ಎಂಬ ಒಂದು ಮಾತು ಸಾಕಿತ್ತು. ಅವರು ನನ್ನನ್ನು ನೋಡಿದರು, ಹೆಜ್ಜೆಗಳನ್ನು ನೋಡಿದರು, ಉಳಿಯನ್ನು ಕೆಳಗಿಟ್ಟರು.

"ಅಕ್ಕ, ಇದು ಯಾರು ಅಂತ ನನಗೆ ಗೊತ್ತಿಲ್ಲ. ಅದನ್ನೆಲ್ಲ ಹೇಳುವ ಜನ ನಾನಲ್ಲ. ಆದ್ರೆ ಇದು ಬಂದ ಹೆಜ್ಜೆ ಅಲ್ಲ. ಬೆರಳು ನೋಡಿ, ಹೊರಗಿನ ಕಡೆಗೆ ಉಂಟು. ಇದು ಹೋದದ್ದು."

ಅಮ್ಮ ಬಗ್ಗಿ ನೋಡಿದಳು. ತುಂಬಾ ಹೊತ್ತು ನೋಡಿದಳು. ಆ ನಗೆ ಒಮ್ಮೆಲೇ ಹೋಗಲಿಲ್ಲ. ನೀರು ಇಂಗಿದ ಹಾಗೆ ಮೆಲ್ಲ ಮೆಲ್ಲನೆ ಹೋಯಿತು. ಅದನ್ನು ನೋಡುತ್ತ ನಿಲ್ಲುವುದು ನನಗೆ ಸಾಧ್ಯವಾಗದೆ ಅಂಗಳಕ್ಕೆ ಇಳಿದೆ. ಅಲ್ಲಿಗೂ ಅವಳ ಪ್ರಶ್ನೆ ಕೇಳಿಸಿತು.

"ಅಗೆದ ಮಣ್ಣನ್ನು ಎಲ್ಲಿ ಹಾಕಿದ್ದು ಮಗಾ?"

ರಸ್ತೆಗೆ ಎಂದೆ. ಅವಳು ತಲೆಯಾಡಿಸಿದಳು. "ಇಷ್ಟು ದಿನ ಒಳಗೇ ಇದ್ದಳು, ಹಾಗಾದ್ರೆ. ನಾನು ಪ್ರತಿ ವರ್ಷ ಆಟಿಯಲ್ಲಿ ಬಾಗಿಲಲ್ಲಿ ನಿಂತು, ಹೊರಗಿನಿಂದ ಬಾ ಅಂತ ಕರೀತಿದ್ದೆ." ಅವಳು ಜೋರಾಗಿ ಅಳಲಿಲ್ಲ. ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಹೊರಿಸಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳೇ ಮೇಸ್ತ್ರಿಯ ಬಳಿಗೆ ಬಂದಳು. ಎಲ್ಲವನ್ನೂ ಕೆತ್ತುವುದು ಬೇಡ, ಹೊಸ್ತಿಲಿಗೆ ತಾಗಿದ ಕೊನೆಯ ಹೆಜ್ಜೆ ಒಂದನ್ನು ಮುಚ್ಚಿ ಕೊಡಿ ಎಂದಳು.

"ಒಂದೇ ಮುಚ್ಚಿದ್ರೆ ತೇಪೆ ಕಾಣ್ತದೆ ಅಕ್ಕ. ಬಣ್ಣ ಕೂಡುದಿಲ್ಲ."

"ಕಾಣ್ಲಿ."

"ಕೆತ್ತದೆ ಹಾಕಿದ್ರೆ ನಿಲ್ಲುದೂ ಇಲ್ಲ."

"ಕೆತ್ತಬೇಡಿ. ಅವಳ ಕಾಲಿಗೆ ಉಳಿ ಹಾಕುದು ಬೇಡ. ಅವಳು ಹೊಸ್ತಿಲಿನವರೆಗೆ ಬರ್ಲಿಲ್ಲ ಅಂತ ಆದ್ರೆ ಸಾಕು ನನಗೆ."

ಅಪ್ಪ ಅಂಗಡಿಯ ಬಾಗಿಲಲ್ಲಿ ಬಂದು ನಿಂತಿದ್ದರು. ಮೇಸ್ತ್ರಿ ಅವರ ಮುಖವನ್ನೂ ನೋಡಿದರು. ಆಮೇಲೆ ಒಂದು ತೆಂಗಿನ ಚಿಪ್ಪಿನಲ್ಲಿ ಸಿಮೆಂಟು, ಕಾವಿ ಕಲಸಿದರು. ಕರಣೆಯನ್ನು ಬದಿಗಿಟ್ಟು ಬೆರಳಿನಿಂದಲೇ ಮೊದಲು ಹಿಮ್ಮಡಿಗೆ, ಮತ್ತೆ ಅಂಗಾಲಿಗೆ, ಕೊನೆಗೆ ಒಂದೊಂದೇ ಬೆರಳಿನ ಗುಳಿಗೆ ತುಂಬಿದರು. ಹೆಬ್ಬೆರಳಿನ ಮೇಲೆ ಏರಿದ ಆ ಬೆರಳಿನ ಬಳಿ ಅವರ ಕೈ ಸ್ವಲ್ಪ ಹೊತ್ತು ನಿಂತಿತು. ಜೀವಮಾನದಲ್ಲಿ ತಾನು ಹಾಕಿದ ಮೊದಲ ತೇಪೆ ಇದು ಎಂದು ಹೋಗುವಾಗ ನನಗೆ ಹೇಳಿದರು. ಯಾರಾದರೂ ಕೇಳಿದರೆ ತನ್ನ ಹೆಸರು ಮರೆಮಾಡುವುದು ಬೇಡ ಎಂದೂ ಹೇಳಿದರು.

ಮುಂದಿನ ಬೇಸಿಗೆಯಲ್ಲಿ ಯಾರೂ ಕರೆಯದೆ ಅವರೇ ಬಂದು ತೇಪೆಯ ಮೇಲೆ ಉಗುರಿನಿಂದ ತಟ್ಟಿ ನೋಡಿದರು. ಅದು ಎದ್ದಿರಲಿಲ್ಲ. ಹೀಗೆ ನಿಲ್ಲಬಾರದಿತ್ತು ಎಂದು ತಲೆ ಕೆರೆದುಕೊಂಡು ಚಹಾ ಕುಡಿದು ಹೋದರು.

ನಾನು ಎಲ್ಲ ದಾರಿಗಳನ್ನೂ ಯೋಚಿಸಿದ್ದೇನೆ. ಮಧ್ಯಾಹ್ನ ನಮ್ಮ ಕಣ್ಣು ತಪ್ಪಿಸಿ ಯಾವುದೋ ಮಗು ನಡೆದಿರಬಹುದು ಎಂದರೆ, ಸಂಜೆ ನಾನು ಅದೇ ಹೊಸ್ತಿಲಿನಲ್ಲಿ ಕುಳಿತು ಹೆಬ್ಬೆರಳು ಒತ್ತಿದಾಗ ಅಲ್ಲಿ ಗುರುತಿರಲಿಲ್ಲ. ಮೇಸ್ತ್ರಿಯೇ ಮಾಡಿದರು ಎಂದರೆ, ಅವರು ನನ್ನ ತಂಗಿಯ ಕಾಲನ್ನು ಕಂಡವರಲ್ಲ. ಮಾಡಿದ್ದರೂ ಅಮ್ಮನ ಸಂತೋಷವನ್ನು ತಮ್ಮ ಬಾಯಿಂದಲೇ ಒಡೆಯುತ್ತಿರಲಿಲ್ಲ. ಗೋಡೆಯ ಬುಡದಿಂದ ಹೊರಟ ಹೆಜ್ಜೆಗೆ ಗೋಡೆಯ ಬುಡಕ್ಕೆ ಬಂದ ಹೆಜ್ಜೆ ಇಲ್ಲ. ಅಲ್ಲಿಗೆ ಬಂದು ನನ್ನ ಲೆಕ್ಕ ನಿಲ್ಲುತ್ತದೆ.

ಈಗಲೂ ಚಾವಡಿಯಲ್ಲಿ ಎಂಟು ಹೆಜ್ಜೆಗಳಿವೆ. ಬಂದವರು ಕೇಳಿದರೆ ಅಪ್ಪ ಮಾತು ಬೇರೆ ಕಡೆಗೆ ತಿರುಗಿಸುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೇರಿಯ ಮನೆಗಳೆಲ್ಲ ಎದುರು ಬಾಗಿಲು ತೆರೆದಿಡುತ್ತವೆ. ಆ ಹೊತ್ತಿಗೆ ನಮ್ಮಮ್ಮ ಎದ್ದು ಹೋಗಿ ನಮ್ಮ ಬಾಗಿಲು ಮುಚ್ಚುತ್ತಾಳೆ, ಅಗುಳಿಯನ್ನೂ ಹಾಕುತ್ತಾಳೆ. ಸೆಕೆಗೆ ಒಳಗೆ ಕುಳಿತುಕೊಳ್ಳಲಿಕ್ಕೆ ಆಗುವುದಿಲ್ಲ. ನಾನು ಯಾವುದನ್ನೂ ನಂಬಿದ್ದೇನೆ ಎಂದು ಹೇಳಲಾರೆ. ಆದರೆ ಈ ಆರು ವರ್ಷಗಳಲ್ಲಿ ಒಂದು ಸಂಜೆಯೂ ನಾನು ಎದ್ದು ಆ ಬಾಗಿಲನ್ನು ತೆರೆದಿಲ್ಲ.