ನಲ್ಲಿಗೆ ಕಟ್ಟಿದ ತಂತಿ

ದೇವರಮನೆ ರಸ್ತೆಯಲ್ಲಿ ಯಾರ ಗಾಡಿ ಕೆಟ್ಟು ನಿಂತರೂ ಊರವರು ಹೇಳುತ್ತಿದ್ದ ಹೆಸರು ಒಂದೇ, ದಯಾನಂದ. ಮನೆಗೆ ಆನಿಸಿ ಕಟ್ಟಿದ ತಗಡಿನ ಶೆಡ್ಡಿನಲ್ಲಿ ಅವನು ಬೈಕು, ಕಳೆ ಕೊಚ್ಚುವ ಮೆಷಿನ್ನು, ಔಷಧಿ ಹೊಡೆಯುವ ಪಂಪು ಎಲ್ಲವನ್ನೂ ಬಿಚ್ಚಿ ಜೋಡಿಸುತ್ತಿದ್ದ. ಡೀಸೆಲ್ ಎಂಜಿನ್ನಿನ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ತೂರಿಸಲು ಹಿಂಜರಿಯದ ಆಳು. ಕರೆಂಟು ಎಂದರೆ ಮಾತ್ರ ಅವನ ಬಾಯಿ ಒಣಗುತ್ತಿತ್ತು.

ಅದಕ್ಕೆ ಕಾರಣವಿತ್ತು. ಹರೆಯದಲ್ಲಿ ಅವನು ಎಸ್ಟೇಟೊಂದರ ಪಲ್ಪರ್ ಮನೆಯಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಕೆಲಸಕ್ಕಿದ್ದ. ಒಂದು ದಿನ ಅಲ್ಲಿಯ ಮೇಸ್ತ್ರಿ ಭೂತಯ್ಯ ಒದ್ದೆ ಕೈಯಲ್ಲಿ ಮೋಟಾರು ಮುಟ್ಟಿದ. ಮುಟ್ಟಿದ ಕೈ ಬಿಡಲಿಲ್ಲ. ಬಾಯಿ ತೆರೆದಿತ್ತು, ಸದ್ದು ಹೊರಡಲಿಲ್ಲ. ಯಾರೋ ಓಡಿ ಮೈನ್ ಸ್ವಿಚ್ ಇಳಿಸಿದ್ದರಿಂದ ಜೀವ ಉಳಿಯಿತು. ಬೆರಳುಗಳು ಮಾತ್ರ ಮಡಚಿದ್ದು ಮಡಚಿದಂತೆಯೇ ಉಳಿದವು. ಅಂದಿನಿಂದ ದಯಾನಂದ ಕರೆಂಟಿನ ಸಾಮಾನು ಯಾವುದನ್ನು ಮುಟ್ಟಬೇಕಾದರೂ ಮೊದಲು ಕೈಯ ಹಿಂಬದಿಯನ್ನು ತಾಗಿಸಿ ನೋಡುವ ಅಭ್ಯಾಸ ಮಾಡಿಕೊಂಡ. ಕರೆಂಟು ಹೊಡೆದು ಬೆರಳು ಮುಚ್ಚಿಕೊಂಡರೂ ಕಬ್ಬಿಣ ಹಿಡಿತಕ್ಕೆ ಸಿಕ್ಕಬಾರದು ಎಂಬುದು ಅವನ ಯೋಚನೆ. ಮನೆಯ ಫ್ರಿಜ್ಜಿಗೂ ಅದೇ ಉಪಚಾರ.

"ಎಂತದೋ ಅದು, ಹಣೆ ಮುಟ್ಟಿ ನೋಡ್ದಂಗೆ? ಫ್ರಿಜ್ಜಿಗೆ ಜ್ವರ ಬಂದದಾ?" ಎಂದು ತಾಯಿ ಹುಚ್ಚಮ್ಮ ನಗುತ್ತಿದ್ದಳು.

"ನಿಂಗೆ ಗೊತ್ತಾಗಲ್ಲ, ಸುಮ್ನಿರಮ್ಮ."

ಈ ಮನುಷ್ಯನ ಶೆಡ್ಡಿಗೆ ಏರ್ ಕಂಪ್ರೆಸರ್ ಬಂದಿತು. ಮಳೆ ಹಿಡಿಯುವುದಕ್ಕೆ ಮುಂಚೆ ತೋಟಗಳಲ್ಲಿ ಬೋರ್ಡೋ ಹೊಡೆಯುವ ಗಡಿಬಿಡಿ. ಸುಣ್ಣ, ಮೈಲುತುತ್ತ ಬೆರೆಸಿದ ಆ ದ್ರಾವಣ ಪಂಪಿನ ಮೂತಿಯಲ್ಲಿ ಗಟ್ಟಿಯಾಗಿ ಕೂತರೆ ಬಾಯಿಂದ ಊದಿ ತೆಗೆಯಲಾಗುವುದಿಲ್ಲ. ಹಾಗಾಗಿ ಅವನು ಚಿಕ್ಕಮಗಳೂರಿನಲ್ಲಿ ಮುಚ್ಚಿಹೋದ ಗ್ಯಾರೇಜಿನಿಂದ ಹಳೆಯ ಕಂಪ್ರೆಸರ್ ಒಂದನ್ನು ಮೋಟಾರು ಸಮೇತ ತಂದ. ತಂದವನು ಅದರ ಹತ್ತಿರ ಹೋಗದೆ, ವೈರಿಂಗ್ ಮಾಡುವ ಗೆಳೆಯ ಉಮೇಶನನ್ನು ಕರೆಸಿದ.

ಮನೆಯ ಲೈಟಿನ ವೈರಿಗೆ ಈ ಮೋಟಾರು ಸಿಕ್ಕಿಸಿದರೆ ವೈರು ಕಾದು ಕರಗುತ್ತದೆ ಎಂದು ಉಮೇಶ ಮೀಟರ್ ಬೋರ್ಡಿನಿಂದಲೇ ಬೇರೆ ದಪ್ಪ ವೈರು ಎಳೆದ. ಶೆಡ್ಡಿನ ಬಾಗಿಲ ಪಕ್ಕದಲ್ಲಿ ಎಂಸಿಬಿ ಸ್ವಿಚ್ಚು ಕೂರಿಸಿದ.

"ಮೆಷಿನ್ ಅಲ್ಲಿ, ಸ್ವಿಚ್ಚು ಇಲ್ಲಿ. ಇದೆಂಥ ಬುದ್ಧಿ ಮಾರಾಯ?" ದಯಾನಂದ ಗೊಣಗಿದ.

"ಮೆಷಿನ್ ಕೈಕೊಟ್ರೆ ನೀ ಬಾಗಿಲಿಗೇ ತಾನೆ ಓಡೋದು? ಓಡೋ ದಾರೀಲೇ ಇರ್ಲಿ."

ಹೊರಡುವಾಗ ಉಮೇಶ ನಗುವುದನ್ನು ನಿಲ್ಲಿಸಿ ಹೇಳಿದ: "ಅರ್ತ್ ಇನ್ನೂ ಆಗಿಲ್ಲ, ಸೋರಿದ ಕರೆಂಟು ಭೂಮಿಗೆ ಇಳಿಯೋಕೆ ದಾರಿ ಇಲ್ಲ. ಹಿತ್ಲಲ್ಲಿ ಆಳಕ್ಕೆ ಗುಂಡಿ ತೆಗೆದಿಡು. ನಾಳೆ ಬಂದು ಕಂಬಿ ಇಳಿಸ್ತೀನಿ, ಮೋಟಾರಿನ ಡಬ್ಬಿ ಬಿಚ್ಚಿ ಒಳಗಿನ ವೈರೂ ನೋಡ್ತೀನಿ. ಅಲ್ಲೀವರೆಗೆ ಪ್ಲಗ್ ಹಾಕ್ಬೇಡ."

ದಯಾನಂದ ಗುಂಡಿ ತೋಡತೊಡಗಿದ. ಮೊಣಕಾಲುದ್ದ ಹೋಗುವುದರೊಳಗೆ ಹಾರೆಗೆ ಬಂಡೆ ಸಿಕ್ಕಿತು. ಜಾಗ ಬದಲಿಸಿದ, ಅಲ್ಲಿಯೂ ಬಂಡೆ. ಮರುದಿನ ಉಮೇಶ ಬರಲಿಲ್ಲ, ಕಳಸದ ಕಡೆ ಯಾವುದೋ ಕೆಲಸದಲ್ಲಿ ಸಿಕ್ಕಿಕೊಂಡಿದ್ದ. ಇತ್ತ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಓಂಕಾರಮೂರ್ತಿ ಮೇಲಿಂದ ಮೇಲೆ ಫೋನು ಮಾಡುತ್ತಿದ್ದ. "ಮೋಡ ಕಟ್ತಾ ಇದೆ ದಯಾನಂದ, ಆಳುಗಳು ಸುಮ್ನೆ ಕೂತಿದಾರೆ. ಪಂಪು ಯಾವಾಗ ಕೊಡ್ತೀಯಾ?"

ಆಗ ಅವನಿಗೆ ನಲ್ಲಿಯ ನೆನಪಾಯಿತು. ಶೆಡ್ಡಿನ ಹಿಂಗೋಡೆಯ ಆಚೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಗೋಡೆಗೆ ಬಿಗಿದ ಕಬ್ಬಿಣದ ಪೈಪು ಮತ್ತು ನಲ್ಲಿ. ಗುಡ್ಡದ ಮೇಲಿನ ಒರತೆಯಿಂದ ನೀರು ತರುವ ಪೈಪು ಅದು, ಉದ್ದಕ್ಕೂ ಮಣ್ಣಿನಲ್ಲೇ ಹುಗಿದದ್ದು. ಪೈಪಿಗೆ ತಂತಿ ಕಟ್ಟಿದರೆ ಅರ್ತ್ ಆದಂತೆಯೇ ಎಂದು ಆ ಸುತ್ತಿನಲ್ಲಿ ಎಲ್ಲರೂ ನಂಬಿದ್ದರು, ಮಾಡುತ್ತಲೂ ಇದ್ದರು. ದಯಾನಂದ ಉಪ್ಪುಕಾಗದದಿಂದ ಪೈಪಿನ ತುಕ್ಕನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ. ತಂತಿಯ ಒಂದು ತುದಿಯನ್ನು ಅಲ್ಲಿಗೆ ಸುತ್ತಿ ಇಕ್ಕಳದಿಂದ ಬಿಗಿದು, ಇನ್ನೊಂದು ತುದಿಯನ್ನು ಕಂಪ್ರೆಸರಿನ ಮೈಗೆ ಬೋಲ್ಟು ಹಾಕಿ ಕಟ್ಟಿದ. ಇಷ್ಟು ಮುತುವರ್ಜಿಯಿಂದ ಅವನು ಯಾವ ಎಂಜಿನ್ನನ್ನೂ ಜೋಡಿಸಿರಲಿಲ್ಲ. ಹೆದರಿದವನ ಕೆಲಸ ಅದು.

ರಬ್ಬರ್ ಮ್ಯಾಟಿನ ಮೇಲೆ ನಿಂತು ಪ್ಲಗ್ ಚುಚ್ಚಿ, ಬಾಗಿಲಿಗೆ ಹೋಗಿ ಸ್ವಿಚ್ಚು ಏರಿಸಿದ. ಮೋಟಾರು ಗುಂಯ್ ಎಂದು ಓಡಿತು. ಗಾಳಿಯ ಒತ್ತಡ ತೋರಿಸುವ ಮುಳ್ಳು ನಿಧಾನವಾಗಿ ಮೇಲೇರಿತು. ಮತ್ತೆ ಮ್ಯಾಟಿನ ಮೇಲೆ ಬಂದು ನಿಂತು ಎಂದಿನಂತೆ ಕೈಯ ಹಿಂಬದಿಯನ್ನು ಟ್ಯಾಂಕಿಗೆ ತಾಗಿಸಿದ. ಕೆಂಜಿಗ ಇರುವೆ ಕಡಿದಂತಾಯಿತು. ಸರಕ್ಕನೆ ಕೈ ಎಳೆದುಕೊಂಡ. ಮೆಷಿನ್ನಿನ ನಡುಕವಿರಬೇಕು, ಅರ್ತ್ ಕೊಟ್ಟಿದ್ದೇನಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಮ್ಯಾಟಿನಿಂದ ಕೆಳಗಿಳಿಯಲಿಲ್ಲ.

ಗೋಡೆಯಾಚೆಯಿಂದ ತಾಯಿಯ ದನಿ ಬಂದಿತು. "ಎಂತದಿದು, ನಲ್ಲಿ ಮುಟ್ಟಿದ್ರೆ ಕೈ ಜುಮ್ ಅಂತದೆ. ಮತ್ತೆ ವಾಯು ಶುರುವಾಯ್ತು ಕಾಣ್ತದೆ."

ದಯಾನಂದ ಕಿಟಕಿಯಿಂದ ನೋಡಿದ. ಹುಚ್ಚಮ್ಮ ತೋಟದಿಂದ ಬಂದವಳು ಕಾಲು ತೊಳೆಯಲೆಂದು ಹವಾಯಿ ಚಪ್ಪಲಿಯನ್ನು ಕಳಚಿ ಬದಿಗಿಡುತ್ತಿದ್ದಳು. ಒದ್ದೆ ಕಲ್ಲಿನ ಮೇಲೆ ಬರಿಗಾಲು ಊರಿದಳು. ಜೋಮು ಹಿಡಿದ ಕೈಯನ್ನು ಸೆರಗಿಗೆ ಉಜ್ಜಿ, ಈ ಸಲ ಗಟ್ಟಿಯಾಗಿ ಹಿಡಿದು ತಿರುಗಿಸಬೇಕೆಂದು ಎರಡೂ ಕೈಯನ್ನು ನಲ್ಲಿಯ ಕಡೆಗೆ ಚಾಚಿದಳು.

ಕೂಗಲು ಬಾಯಿ ತೆರೆದ. ಭೂತಯ್ಯನ ಬಾಯಿಯಂತೆ ಅದೂ ತೆರೆದೇ ಇತ್ತು, ಸದ್ದು ಬರಲಿಲ್ಲ. ಕಾಲುಗಳು ಮಾತ್ರ ಬಾಗಿಲಿಗೆ ಓಡಿದವು. ಓಡುವ ದಾರಿಯಲ್ಲೇ ಸ್ವಿಚ್ಚು ಇತ್ತು. ಅಂಗೈಯಿಂದ ಹೊಡೆದು ಇಳಿಸಿದ.

ಮೋಟಾರು ನಿಂತಿತು. ಗೋಡೆಯಾಚೆ ಏನೂ ಕೇಳಿಸಲಿಲ್ಲ. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಆಚೆ ಹೋಗಿ ನೋಡುವ ಧೈರ್ಯ ಬರಲಿಲ್ಲ. ಆಮೇಲೆ ನೀರು ಕಲ್ಲಿಗೆ ಬೀಳುವ ಸದ್ದು.

"ಯಾಕೋ ನಿಲ್ಸಿದೆ? ಗಾಳಿ ತುಂಬ್ತಾ?" ಎಂದಳು ಹುಚ್ಚಮ್ಮ.

ಅವನು ಒಳಗೆ ಹೋಗಿ ಪ್ಲಗ್ ಕಿತ್ತು ನೆಲಕ್ಕೆಸೆದ.

ಉಮೇಶ ಬಂದಾಗ ಪ್ಲಗ್ ಇನ್ನೂ ನೆಲದ ಮೇಲೇ ಇತ್ತು. ನಡೆದದ್ದನ್ನೆಲ್ಲ ದಯಾನಂದ ತಡವರಿಸುತ್ತ ಹೇಳಿದ. ಉಮೇಶ ಮೋಟಾರಿನ ಡಬ್ಬಿ ಬಿಚ್ಚಿ ತೋರಿಸಿದ: ಒಳಗಿನ ವೈರಿನ ಸಿಪ್ಪೆಯನ್ನು ಇಲಿ ತಿಂದು, ತಾಮ್ರ ಮೋಟಾರಿನ ಮೈಗೆ ತಾಗಿಕೊಂಡಿತ್ತು. ಆಮೇಲೆ ನಲ್ಲಿಯ ಹತ್ತಿರ ಹೋಗಿ ಪೈಪಿನ ಬುಡದ ಮಣ್ಣು ಕೆದಕಿದ. ಒಂದು ಮೊಳದಷ್ಟು ಕಬ್ಬಿಣ. ಅಲ್ಲಿಂದಾಚೆಗೆ ಕರಿ ಪ್ಲಾಸ್ಟಿಕ್ ಪೈಪು.

"ಆನೆ ತುಳಿದು ಹಳೇ ಪೈಪು ಹೋದಾಗ ಕರಿ ಪೈಪು ಎಳೆದೋರು ಯಾರು?"

"ನೀನೂ ನಾನೂನೇ. ಮರ್ತೇ ಹೋಗಿತ್ತು," ಎಂದ ದಯಾನಂದ, ನೆಲ ನೋಡುತ್ತ.

"ಮತ್ತೆ ಕರೆಂಟು ಭೂಮಿಗೆ ಎಲ್ಲಿಂದ ಹೋಗ್ಬೇಕು ಮಾರಾಯ? ನೀ ಅರ್ತ್ ಕೊಟ್ಟಿದ್ದು ಅಮ್ಮನ ಕೈಗೆ."

ಬೈಗುಳವೇನೂ ಇರಲಿಲ್ಲ ಅದರಲ್ಲಿ. ಆದರೆ ದಯಾನಂದನ ಕಣ್ಣು ತುಂಬಿತು.

ಮನೆಯ ಕೆಳಬದಿಯಲ್ಲಿದ್ದ ಹಳೆಯ ಬಾವಿಯ ಕಟ್ಟೆಯ ಕೆಳಗೆ ತಂಪು ಮಣ್ಣು ಸಿಕ್ಕಿತು. ಆಳಕ್ಕೆ ಕಂಬಿ ಇಳಿಸಿ, ಇದ್ದಿಲು, ಉಪ್ಪು ತುಂಬಿ, ಅರ್ತ್ ವೈರನ್ನು ಪ್ಲಗ್ಗಿನವರೆಗೆ ತಂದರು. ಉಮೇಶ ಮೋಟಾರಿನ ವೈರು ಬದಲಿಸಿದ. ಕರೆಂಟು ಸೋರಿದರೆ ಕೂಡಲೇ ಕಡಿಯುವ ಇನ್ನೊಂದು ಸ್ವಿಚ್ಚನ್ನೂ ಕೂರಿಸಿದ. ಕಂಪ್ರೆಸರ್ ಓಡಿತು. ಅದರ ಮೈಗೆ ಟೆಸ್ಟರ್ ಹಿಡಿದರೆ ದೀಪ ಹತ್ತಲಿಲ್ಲ. ಓಂಕಾರಮೂರ್ತಿಯ ಪಂಪುಗಳೂ ಸರಿಯಾಗಿ ಹೋದವು.

ದಯಾನಂದನ ಭಯ ಮಾತ್ರ ಹೋಗಲಿಲ್ಲ. ನಲ್ಲಿಯ ತಂತಿಯನ್ನು ಬಿಚ್ಚಿ ಎಸೆದಿದ್ದರೂ, ಅವನು ಉಜ್ಜಿದ ಜಾಗ ಬಳೆಯಂತೆ ಹೊಳೆಯುತ್ತಲೇ ಇತ್ತು. ಅದು ಕಂಡಾಗಲೆಲ್ಲ ಚಾಚಿದ ಆ ಎರಡು ಕೈ ಕಣ್ಣಿಗೆ ಕಟ್ಟುತ್ತಿದ್ದವು. ತಾಯಿ ಬಿಂದಿಗೆ ಹಿಡಿದು ಬಂದರೆ ಮೋಟಾರು ನಿಲ್ಲಿಸಿ ಎದ್ದು ಬರುತ್ತಿದ್ದ. ಕೈಯ ಹಿಂಬದಿಯನ್ನು ನಲ್ಲಿಗೆ ತಾಗಿಸಿದ ಮೇಲೆಯೇ ಅವಳಿಗೆ ದಾರಿ.

"ಜ್ವರ ಬಿಡ್ತಾ ಅದಕ್ಕೆ?" ಎಂದು ಹುಚ್ಚಮ್ಮ ಕೇಳುತ್ತಿದ್ದಳು. ನಡೆದದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

"ಇಲ್ಲಮ್ಮ, ಇನ್ನೂ ಸ್ವಲ್ಪ ಇದೆ," ಎನ್ನುತ್ತ ಅವನೇ ನಲ್ಲಿ ತಿರುಗಿಸಿ ಬಿಂದಿಗೆ ತುಂಬಿಸಿ ಕೊಡುತ್ತಿದ್ದ.