ನಿವಾಳಿಸಿ ಎಸೆದ ಮಾತ್ರೆಗಳು

ನಾವಿರುವ ಚಾಂಪಿಯನ್ ರೀಫ್ಸ್‌ನ ಲೈನ್ ಮನೆಗಳಲ್ಲಿ, ಗಣಿ ಕೆಲಸದವರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ, ಯಾರಾದರೂ ಕೆಮ್ಮಿದರೆ ಇನ್ನೊಬ್ಬರು ತಲೆ ಎತ್ತಿ ನೋಡುವುದಿಲ್ಲ. ಚಿನ್ನದ ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಅದರಲ್ಲಿ ಇಳಿದು ದುಡಿದ ಮುದುಕರ ಎದೆಯಲ್ಲಿ ದೂಳು ಇನ್ನೂ ಕೂತಿದೆ. ನನ್ನ ಮಾವ ಕೆಮ್ಮಿ ಕೆಮ್ಮಿಯೇ ಹೋದವರು. ಹಾಗಾಗಿ ನನ್ನ ಗಂಡ ಕೆಮ್ಮಲು ಶುರು ಮಾಡಿದಾಗ ಅತ್ತೆ, "ಅವ್ರಪ್ಪನ ಕೆಮ್ಮು ಇವ್ನಿಗೂ ಬಂದೈತೆ" ಎಂದು ಸುಮ್ಮನಾದರು. ಗಣಿಯ ಬಾಗಿಲನ್ನೇ ನೋಡದ ಮಗನಿಗೆ ಅಪ್ಪನ ಕೆಮ್ಮು ಹೇಗೆ ಬರುತ್ತದೆ ಎಂದು ಕೇಳುವಷ್ಟು ಬುದ್ಧಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಗಂಡನನ್ನು ಹೆಸರು ಹಿಡಿದು ಕರೆದು ನನಗೆ ರೂಢಿಯಿಲ್ಲ. ಇಲ್ಲಿಯೂ 'ಇವರು' ಎಂದೇ ಬರೆಯುತ್ತೇನೆ. ಇವರು ಪೇಂಟ್ ಕೆಲಸದವರು, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಿದ್ದರು. ನಾನು ಬಂಗಾರಪೇಟೆಯಲ್ಲಿ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತೇನೆ. ಅಂಗಿ ಜೋತಾಡುವಷ್ಟು ತೂಕ ಇಳಿದು, ಬೆವರಿಗೆ ಚಾಪೆ ಒದ್ದೆಯಾಗತೊಡಗಿದ ಮೇಲೆ ನಾನೇ ಇವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಕಫ ನೋಡಿ ಟಿ.ಬಿ. ಎಂದರು. ಟಿ.ಬಿ. ಬಂದವರಿಗೆಲ್ಲ ಮಾಡುವ ಪರೀಕ್ಷೆ ಎಂದು ರಕ್ತ ತೆಗೆದು, ಎಚ್‌ಐವಿ ಕೂಡ ಇದೆ ಎಂದರು. ಆಮೇಲೆ ನನ್ನ ರಕ್ತ ತೆಗೆದರು. ನನಗೂ ಇತ್ತು.

ಎಲ್ಲಿಂದ ತಂದಿರಿ ಎಂದು ಕೇಳದೆ ಬಿಡುವ ಹೆಂಗಸಲ್ಲ ನಾನು. ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನ ತಿರುಗಿ ನೋಡುವಂತೆ ಕೇಳಿದೆ. ಇವರು ತಲೆ ತಗ್ಗಿಸಿ ನಿಂತರು. ಆ ತಗ್ಗಿದ ತಲೆ ನೋಡಿ ಸಿಟ್ಟು ಇನ್ನೂ ಏರಿತು, ಅಳುವೂ ಬಂತು. ಬಸ್ಸಿನಲ್ಲಿ ಕೂತ ಮೇಲೆ ಇವರು ಹೇಳಿದ್ದು ಇಷ್ಟೇ: "ಅಮ್ಮಂಗೆ ಗೊತ್ತಾಗ್ಬಾರ್ದು ಕಣೇ. ಬರೀ ಟಿ.ಬಿ. ಅಂತ ಯೋಳಾಣ. ಅದಾದ್ರೆ ತಡ್ಕೊಂತಾಳೆ."

ಇವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಲೈನಿನಲ್ಲಿ ಎದೆಯ ಕಾಯಿಲೆಗೆ ಮರ್ಯಾದೆ ಉಂಟು. ಟಿ.ಬಿ. ಎಂದು ಗೊತ್ತಾದ ಕೂಡಲೇ ಪಕ್ಕದ ಮನೆಯ ತಮಿಳು ಅಕ್ಕ ಬೇಯಿಸಿದ ಮೊಟ್ಟೆ ತಂದುಕೊಟ್ಟರು. ಇನ್ನೊಂದು ಕಾಯಿಲೆಗೆ ಆ ಭಾಗ್ಯವಿಲ್ಲ. ಹಿಂದಿನ ಲೈನಿನ ಒಬ್ಬ ಹೆಂಗಸಿಗೆ ಅದು ಇದೆ ಎಂದು ಸುದ್ದಿ ಹಬ್ಬಿದ ಮೇಲೆ, ಬೇತಮಂಗಲದ ಕೆರೆಯ ನೀರು ನಲ್ಲಿಗೆ ಬಿಟ್ಟ ದಿನ ಅವಳ ಬಿಂದಿಗೆಯ ಹಿಂದೆ ಯಾರೂ ಬಿಂದಿಗೆ ಇಡುತ್ತಿರಲಿಲ್ಲ.

ಹಾಗಾಗಿ ಒಂದು ಕಾಯಿಲೆಯ ಮರೆಯಲ್ಲಿ ಇನ್ನೊಂದನ್ನು ಬಚ್ಚಿಟ್ಟೆವು. ಕೋಲಾರಕ್ಕೆ ಹೋಗಿ ತಂದ ಎಚ್‌ಐವಿ ಮಾತ್ರೆಗಳನ್ನು ಇವರು ಡಬ್ಬಿಯಿಂದ ಪೊಟ್ಟಣಕ್ಕೆ ಸುರಿದು, ಟಿ.ಬಿ. ಮಾತ್ರೆಗಳ ಜೊತೆ ದೇವರ ಗೂಡಿನ ಪಕ್ಕದ ಸ್ಟೀಲ್ ಡಬ್ಬದಲ್ಲಿ ಇಟ್ಟರು. ನನ್ನವು ನನ್ನ ಊಟದ ಚೀಲದಲ್ಲಿದ್ದವು. ಅತ್ತೆಗೆ ಎಲ್ಲವೂ ಟಿ.ಬಿ. ಮಾತ್ರೆಯೇ. ಇವರಿಗೆ ಮಾತ್ರೆ ನೆನಪಿಸುವ ಕೆಲಸವನ್ನು ಅವರೇ ವಹಿಸಿಕೊಂಡರು. "ನುಂಗ್ದೇನ್ಲಾ?" ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಮಾತ್ರೆಗೆ ಇವರ ಮೂತ್ರ ಕೆಂಪಗಾದಾಗ, "ಒಳ್ಳೇದೇ ಬಿಡು, ಮೈಯಾಗಿನ ಉಷ್ಣ ಈಚೆಗೆ ಓಗ್ತೈತೆ" ಎಂದರು. ನಾನು ಸೆರಗು ಬಾಯಿಗಿಟ್ಟು ನಕ್ಕೆ. ಆ ತಿಂಗಳುಗಳಲ್ಲಿ ಇವರು ಮೈ ತುಂಬಿಕೊಂಡರು. ಸುಳ್ಳಿನ ನೆರಳಿನಲ್ಲೂ ನಾವು ಚೆನ್ನಾಗಿಯೇ ಇದ್ದೆವು.

ಟಿ.ಬಿ. ವಾಸಿಯಾಯಿತು. ಈ ಮಾತ್ರೆ ಇನ್ನು ಸಾಕು, ಆ ಇನ್ನೊಂದನ್ನು ಮಾತ್ರ ಬದುಕಿರುವವರೆಗೂ ಬಿಡಬೇಡಿ ಎಂದು ಡಾಕ್ಟರು ಬಿಡಿಸಿ ಹೇಳಿದರು. ನಾವು ಮನೆಗೆ ಬಂದು ಹೇಳಿದ್ದು ಮೊದಲ ಅರ್ಧ ಮಾತ್ರ.

ಅತ್ತೆಯ ತವರು ಬೂದಿಕೋಟೆ ಕಡೆಯ ಹಳ್ಳಿ. ರೋಗ ಹೋದ ಮೇಲೆ ಅದರ ಔಷಧಿ ಮನೆಯಲ್ಲಿ ಉಳಿಯಬಾರದು, ಉಳಿದರೆ ರೋಗವನ್ನು ವಾಪಸು ಕರೆಯುತ್ತದೆ ಎಂದು ಅವರಮ್ಮ ಹೇಳುತ್ತಿದ್ದರಂತೆ. ಸಂಜೆ ಮಗನನ್ನು ಹೊಸ್ತಿಲ ಒಳಗೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಮೊರದಲ್ಲಿ ಉಪ್ಪು, ಒಣಮೆಣಸಿನಕಾಯಿ, ಸಾಸಿವೆ. ಅದರ ಮೇಲೆ ಸ್ಟೀಲ್ ಡಬ್ಬವನ್ನು ಬೋರಲು ಹಾಕಿದರು. ಬೆಳ್ಳಗಿನ ಮಾತ್ರೆಗಳು ಉಪ್ಪಿನ ಮೇಲೆ ಉರುಳಿದವು. ಇವರ ಮುಂದಿನ ತಿಂಗಳಿಗೆ ಉಳಿದಿದ್ದ ಎಚ್‌ಐವಿ ಮಾತ್ರೆಗಳೆಲ್ಲ ಅವೇ.

ನಾನು ಇವರ ಮುಖ ನೋಡಿದೆ. ಇವರು ಕಣ್ಣಿನಲ್ಲೇ ಬಾಯಿ ಬಿಡಬೇಡ ಎಂದರು. ಅತ್ತೆ ನಿವಾಳಿಸಿ, ಮೂರು ದಾರಿ ಕೂಡುವಲ್ಲಿಗೆ ಹೋಗಿ ಎಸೆದು, ತಿರುಗಿ ನೋಡದೆ ಬಂದು ಕಾಲು ತೊಳೆದರು. "ಉಶಾರಾದೆ ಕಣ್ಲಾ" ಎನ್ನುವಾಗ ಅವರ ಮುಖ ಮದುವೆ ಮನೆಯ ಹಾಗಿತ್ತು. ಬೆಳಗ್ಗೆ ಗಾರ್ಮೆಂಟ್ಸ್ ಬಸ್ಸಿಗೆ ಹೋಗುವಾಗ ಆ ಕೂಡುದಾರಿಯಲ್ಲಿ ನಿಂತು ನೋಡಿದೆ. ಟೆಂಪೋ ಚಕ್ರ ಹರಿದು ಉಪ್ಪು, ಮಾತ್ರೆ ಎಲ್ಲ ಮಣ್ಣಿಗೆ ಸೇರಿದ್ದವು.

ಹೋದರೆ ಹೋಗಲಿ, ಬೇರೆ ತರಬಹುದಿತ್ತು. ತಂದೆವು ಕೂಡ. ಆದರೆ ವಾಸಿಯಾದವನು ಮಾತ್ರೆಯನ್ನು ಎಲ್ಲಿ ಇಡುವುದು, ಒಂದೇ ಕೋಣೆಯ ಮನೆಯಲ್ಲಿ ಯಾವಾಗ ನುಂಗುವುದು? "ಇನ್ನೂ ಯಾಕ್ಲಾ ಮಾತ್ರೆ?" ಎಂದು ಅತ್ತೆ ಕೇಳಿಯೇ ಕೇಳುತ್ತಿದ್ದರು. ರೈಲಿನಲ್ಲಿ ನುಂಗುತ್ತೇನೆ ಎಂದರು ಇವರು. ನಾನು ನಂಬಿದೆ. ರೈಲಿನಲ್ಲಿಯೂ ಜೊತೆ ಕೆಲಸದವರು ಇರುತ್ತಾರೆ, ಎಲ್ಲರೂ ಲೈನಿನವರೇ ಎಂಬುದು ನನಗೆ ಹೊಳೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ತಲೆನೋವು ಶುರುವಾಯಿತು. ಆಮೇಲೆ ವಾಂತಿ. ಒಂದು ಬೆಳಗ್ಗೆ ಇವರು ನನ್ನನ್ನು ಅಕ್ಕಾ ಎಂದು ಕರೆದರು. ಟಿ.ಬಿ. ಮತ್ತೆ ಬಂದಿದೆ, ಈ ಸಲ ಮಿದುಳಿಗೆ ಏರಿದೆ ಎಂದರು ಆಸ್ಪತ್ರೆಯಲ್ಲಿ. ಮೈಯಲ್ಲಿ ಅದನ್ನು ತಡೆಯುವ ಶಕ್ತಿ ಉಳಿದಿರಲಿಲ್ಲ. ಅಲ್ಲಿಂದ ಇವರು ನಡೆದು ಮನೆಗೆ ಬರಲಿಲ್ಲ. ಪೇಂಟ್ ಮೆತ್ತಿದ ಕೆಲಸದ ಚೀಲದ ತಳದಲ್ಲಿ ಮಾತ್ರೆಯ ಡಬ್ಬಿಗಳು ಸೀಲು ಕೂಡ ಒಡೆಯದೆ ಇದ್ದವು. ಆ ಡಬ್ಬಿಗಳನ್ನು ಹಿಡಿದುಕೊಂಡು, ಸತ್ತ ಗಂಡನನ್ನು ನಾನು ಬಾಯಿಗೆ ಬಂದಂತೆ ಬೈದೆ.

ಕರ್ಮವೆಲ್ಲ ಮುಗಿದು ನೆಂಟರು ಹೋದ ಮೇಲೆ ಅತ್ತೆ ಮತ್ತೆ ಮೊರ ಹಿಡಿದರು. ನಾನು ಕೆಲಸದಿಂದ ಬಂದು ಮುಖ ತೊಳೆಯುತ್ತಿದ್ದೆ. ತಿರುಗಿ ನೋಡಿದರೆ ನನ್ನ ಊಟದ ಚೀಲದಿಂದ ತೆಗೆದ ಡಬ್ಬಿ ಅವರ ಕೈಯಲ್ಲಿತ್ತು.

"ಇದೊಂದು ಮನ್ಯಾಗೆ ಉಳ್ಕಂಡ್‌ಬಿಟ್ಟಿತ್ತು. ಇದೇ ಆ ರೋಗವ ವಾಪಸ್ ಕರ್ದಿದ್ದು" ಎಂದರು.

"ಅದು ನಂದು ಅತ್ತೆ," ಎಂದೆ. "ಅದ ಎಸೆದ್ರೆ ನಾನೂ ಸಾಯ್ತೀನಿ."

ಆಮೇಲೆ ಎಲ್ಲ ಹೇಳಿದೆ, ಕಾಯಿಲೆಯ ಹೆಸರನ್ನೂ ಸೇರಿಸಿ. ಅತ್ತೆ ಗೋಡೆಗೆ ಒರಗಿ ಕೂತು ಕೇಳಿದರು. ಅವರು ಅತ್ತು ಎದೆ ಬಡಿದುಕೊಳ್ಳುತ್ತಾರೆ ಎಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ.

"ಅವತ್ತು ನಾನು ಎಸೆದಿದ್ದು?" ಎಂದರು.

ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿತ್ತು. "ಅದೂ ಇದೇ," ಎಂದೆ. "ಆಮ್ಯಾಕೆ ಬೇರೆ ತಂದ್ವಿ. ಅವ್ರೇ ನುಂಗ್ಲಿಲ್ಲ."

ಎರಡನೆಯ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ. ಉಪ್ಪಿದ್ದ ಮೊರವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು: "ಬಾಯಿ ಬಿಟ್ಟು ಯೋಳಿದ್ರೆ ನಾನು ಎಸೀತಿದ್ನೇನೇ?"

ಈಗ ಊಟವಾದ ಮೇಲೆ ಅತ್ತೆ ನೀರಿನ ಲೋಟ ತಂದು ನನ್ನ ಮುಂದೆ ಇಡುತ್ತಾರೆ. ಮೊದಲಿನ ಹಾಗೆ ಕೂಗುವುದಿಲ್ಲ. ನಾನು ಮಾತ್ರೆ ನುಂಗುವವರೆಗೂ ಅಲ್ಲೇ ನಿಂತಿರುತ್ತಾರೆ.