ಬುಧವಾರ ಹಾಕಿದ ಸೂಜಿ

ಈರಯ್ಯನವರು ನಾಯಿ ಬೆಕ್ಕುಗಳನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದರು. "ಬರ್ರಿ ಯಜಮಾನ್ರ, ಸ್ವಲ್ಪ ಬಾಯಿ ತಗೀರಿ" ಎಂದರೆ ಸಾಕು, ದಂಡು ಪ್ರದೇಶದ ಬಂಗಲೆಗಳಲ್ಲಿ ಬರೀ ಇಂಗ್ಲಿಷ್ ಕೇಳಿ ಬೆಳೆದ ನಾಯಿಯೂ ಬಾಯಿ ತೆರೆಯುತ್ತಿತ್ತು. ರಾಣೆಬೆನ್ನೂರು ಕಡೆಯವರು. ಹಣೆಯ ಮೇಲೆ ವಿಭೂತಿ, ಮೈಮೇಲೆ ಖಾಕಿ ಅಂಗಿ, ಕೈತುಂಬ ಬೆಕ್ಕು ಪರಚಿದ ಗೀರುಗಳು. ಹಲಸೂರು ಕೆರೆಯ ಹತ್ತಿರ ಒಂದು ಧರ್ಮಸಂಸ್ಥೆ ನಡೆಸುತ್ತಿದ್ದ ಪ್ರಾಣಿಗಳ ದವಾಖಾನೆಯಲ್ಲಿ ಅವರು ಕಾಂಪೌಂಡರ್. ೧೯೬೫ರಲ್ಲಿ ನಾನು, ಹಯಗ್ರೀವ, ಅಲ್ಲಿಗೆ ಗುಮಾಸ್ತನಾಗಿ ಸೇರಿದೆ. ವಯಸ್ಸು ಇಪ್ಪತ್ತನಾಲ್ಕು, ಟೈಪಿಂಗ್ ಬರುತ್ತಿತ್ತು, ಪಂಚಾಂಗ ಬಾಯಿಪಾಠವಾಗಿತ್ತು. ಎರಡನೆಯದು ಆ ಕೆಲಸಕ್ಕೆ ಬೇಕಿರಲಿಲ್ಲ.

ಆಗ ದಂಡಿನಿಂದ ವಾರಕ್ಕೊಂದು ಆಂಗ್ಲೋ-ಇಂಡಿಯನ್ ಕುಟುಂಬವಾದರೂ ದೇಶ ಬಿಡುತ್ತಿತ್ತು. ಗಂಟುಮೂಟೆ ಕಟ್ಟಿದ ಮೇಲೆ ಎಲ್ಲರಿಗೂ ನಾಯಿಯ ನೆನಪಾಗುತ್ತಿತ್ತು. ಇಂಗ್ಲೆಂಡಿನವರು ಬಂದ ನಾಯಿಯನ್ನು ಆರು ತಿಂಗಳು ಬೇರೆ ಕೂಡಿಹಾಕುತ್ತಾರೆ, ಹಡಗಿನವರು ಹುಚ್ಚುನಾಯಿ ರೋಗದ ಸೂಜಿ ಹಾಕಿಸಿದ ಕಾಗದ ಕೇಳುತ್ತಾರೆ ಎಂದು ಅವರಿಗೆ ಬಿಡಿಸಿ ಹೇಳುತ್ತಿದ್ದವರು ಈರಯ್ಯ. ಸರ್ಟಿಫಿಕೇಟು ಟೈಪ್ ಮಾಡುವವನು ನಾನು, ಸಹಿ ಹಾಕುವವರು ಡಾಕ್ಟರು. ಎಷ್ಟೋ ಜನ ಸೂಜಿಯ ತಾರೀಖು ಸ್ವಲ್ಪ ಹಿಂದಕ್ಕೆ ಹಾಕಿಕೊಡಿ ಎಂದು ಗೋಗರೆಯುತ್ತಿದ್ದರು. ಈರಯ್ಯ ಒಪ್ಪುತ್ತಿರಲಿಲ್ಲ. "ಹಾಕಿದ ದಿನಾನ ಬರೀಬೇಕ್ರಿ. ಸೂಜಿ ಸುಳ್ಳು ಹೇಳೂದಿಲ್ಲ" ಎನ್ನುತ್ತಿದ್ದರು. ನನಗೆ ಒಳಗೊಳಗೇ ನಗು ಬರುತ್ತಿತ್ತು. ಕಾಂಪೌಂಡರಿಗೆ ಡಾಕ್ಟರಿಗಿಂತ ಜಂಭ ಎಂದುಕೊಳ್ಳುತ್ತಿದ್ದೆ.

ಆ ಜೂನ್ ಕೊನೆಯ ಮಂಗಳವಾರ ಸಾಲೇಹಾಬಿ ಬಂದರು. ಶಿವಾಜಿನಗರದಲ್ಲಿ ರಜಾಯಿ ಹೊಲಿದು ಬದುಕುತ್ತಿದ್ದ ವಿಧವೆ. ಒಬ್ಬಳೇ ಮಗಳು ಪರ್ವೀನ್ ಮದುವೆಯಾಗಿ ಕರಾಚಿ ಸೇರಿದ್ದಳು. ಈಗ ಬಸುರಿ. ತಾಯಿ ಇಲ್ಲಿನ ಮನೆ ಖಾಲಿ ಮಾಡಿ ಮಗಳ ಹತ್ತಿರ ಇರಲು ಹೊರಟಿದ್ದರು. ವೀಸಾ ಸಿಕ್ಕಿತ್ತು. ಬೊಂಬಾಯಿಯಿಂದ ಕರಾಚಿಗೆ ಹಡಗಿನ ಟಿಕೇಟೂ ಆಗಿತ್ತು. ಬಗಲಲ್ಲಿ ಒಂದು ಬೆತ್ತದ ಬುಟ್ಟಿ, ಅದರೊಳಗೆ ಬಿಜ್ಲಿ ಎಂಬ ಬೂದು ಬೆಕ್ಕು. ಪರ್ವೀನ್ ಸಾಕಿದ್ದು.

"ಬೇಟಿ ಕಾಗದ ಬರ್ದವ್ಳೆ ಸಾಬ್. ಅಮ್ಮಾ, ನೀನು ಬರೋವಾಗ ಬಿಜ್ಲಿನ ಬಿಟ್ಟು ಬರಬೇಡ ಅಂತ. ನಿನ್ನೆ ಹಡಗಿನವ್ರು ಹೇಳ್ತಾರೆ, ಸೂಜಿ ಕಾಗದ ಬೇಕಂತೆ. ಮೊದ್ಲೇ ಹೇಳ್ಬಾರ್ದಾ?" ಎಂದು ಆಕೆ ಹಡಗಿನ ಕಂಪನಿಯ ಕಾಗದವನ್ನು ನನ್ನ ಮೇಜಿನ ಮೇಲಿಟ್ಟರು.

ಸೂಜಿ ಹಾಕಿಸಿ ಮೂವತ್ತು ದಿನ ಕಳೆದ ಮೇಲೆಯೇ ಪ್ರಾಣಿಯನ್ನು ಹತ್ತಿಸಬೇಕು ಎಂದು ಅದರಲ್ಲಿತ್ತು. ಹಡಗು ಹೊರಡುವುದು ಜುಲೈ ಇಪ್ಪತ್ತೊಂಬತ್ತಕ್ಕೆ, ಅಂದು ಜೂನ್ ಇಪ್ಪತ್ತೊಂಬತ್ತು. ಡಾಕ್ಟರು ಊರಲ್ಲಿರಲಿಲ್ಲ. ಆದರೆ ಸೂಜಿಗೆ ಅವರು ಬೇಕಿರಲಿಲ್ಲ, ಸಹಿ ಆಮೇಲೆ ಹಾಕುತ್ತಿದ್ದರು. ಒಳಗೆ ಈರಯ್ಯ ಸಿರಿಂಜನ್ನು ಕುದಿಯಲು ಇಟ್ಟೂ ಆಗಿತ್ತು.

ಅಲ್ಲಿ ನಾನು ಮೂಗು ತೂರಿಸಿದೆ. ಅಂದು ಮಂಗಳವಾರ, ಮೇಲಿಂದ ಅಮಾವಾಸ್ಯೆ. ಹಿಂದಿನ ವರ್ಷ ನಮ್ಮ ತಂಗಿ ವೇದಾಳ ಮದುವೆಯ ಮಾತನ್ನು ಅಮಾವಾಸ್ಯೆಯ ದಿನ ಎತ್ತಿ, ಅದು ಮುರಿದುಬಿದ್ದು, ಮನೆಯಲ್ಲಿ ತಿಂಗಳುಗಟ್ಟಲೆ ಅಳು ಕೇಳಿದ್ದವನು ನಾನು. ಈ ಮುದುಕಿ ಮಗಳ ಬಾಣಂತನಕ್ಕೆ ಸಮುದ್ರ ದಾಟುವವಳು. ಅಂಥ ಪ್ರಯಾಣದ ಮೊದಲ ಕೆಲಸ ಇಂಥ ದಿನ ಆಗಬಾರದು ಎನಿಸಿತು. ಆಕೆಗೆ ಒಳ್ಳೆಯದಾಗಲಿ ಎಂದೇ ಬಯಸಿದೆ, ಸುಳ್ಳಲ್ಲ. ಒಳಗೆ ಹೋಗಿ ಈರಯ್ಯನವರಿಗೆ ನಾಳೆ ಹಾಕಿ ಎಂದೆ.

"ನಮ್ಮ ಕಡೆ ಅಮಾಸಿ ಚೊಲೋ ದಿನಾರೀ ರಾಯರ" ಎಂದರು ಅವರು. "ಇವತ್ತ ಹಾಕಿದ್ರ ಸರೀ ಮೂವತ್ತ ಆಗ್ತಾವು. ನಾಳೆ ಅಂದ್ರ ಕಡಿಮಿ ಬೀಳೂದಿಲ್ಲೇನು?"

ನಾನು ಬೆರಳು ಮಡಿಚಿ ಎಣಿಸಿ ತೋರಿಸಿದೆ. ನಾಳೆ ಒಂದು, ನಾಡಿದ್ದು ಎರಡು, ಹೀಗೆ ಹಡಗು ಹೊರಡುವ ದಿನಕ್ಕೆ ಸರಿಯಾಗಿ ಮೂವತ್ತು. ನಮ್ಮ ಮನೆಯಲ್ಲಿ ಸೂತಕ ಎಣಿಸುವುದು ಹಾಗೆ. ಸಂಜೆ ಸತ್ತರೂ ಆ ದಿನವೇ ಒಂದನೆಯ ದಿನ. ಹಡಗಿನ ಕಂಪನಿಯವರು ಸೂತಕ ಎಣಿಸಿದವರಲ್ಲ, ಅವರಿಗೆ ಸೂಜಿಯ ದಿನ ಲೆಕ್ಕಕ್ಕಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಈರಯ್ಯ ನನ್ನ ಬೆರಳುಗಳನ್ನು ಒಂದು ಗಳಿಗೆ ನೋಡಿದರು. "ಓದಿದವರು ನೀವು. ನೋಡ್ರಿ ಮತ್ತ" ಎಂದು ಒಲೆ ಆರಿಸಿದರು.

ಹೊರಗೆ ಜಗಲಿಯಲ್ಲಿ ಕೂತಿದ್ದ ಸಾಲೇಹಾಬಿಗೆ ಏನು ಹೇಳುವುದು? ಬುರ್ಖಾ ತೊಟ್ಟ ಹೆಂಗಸಿಗೆ ಅಮಾವಾಸ್ಯೆಯ ವಿಚಾರ ಹೇಳಲು ನಾಚಿಕೆಯಾಯಿತು. "ಕಾಂಪೌಂಡರ್‌ಗೆ ಇವತ್ತು ತುಂಬಾ ಕೆಲಸ ಅಮ್ಮಾ. ನಾಳೆ ಬೆಳಿಗ್ಗೆ ಬನ್ನಿ" ಎಂದುಬಿಟ್ಟೆ. ಸಣ್ಣ ಸುಳ್ಳು, ಬಾಯಿಗೆ ಬಂದದ್ದು. ಕಿಟಕಿ ತೆರೆದಿತ್ತು, ಒಳಗೆ ಈರಯ್ಯನವರಿಗೆ ಕೇಳಿಸಿಯೇ ಇರಬೇಕು. ಆಕೆ ಬುಟ್ಟಿ ಎತ್ತಿಕೊಂಡು ಶಿವಾಜಿನಗರದವರೆಗೆ ನಡೆದು ಹೋದರು. ಬುಧವಾರ ಬಂದರು, ಸೂಜಿ ಆಯಿತು. ಇದ್ದ ತಾರೀಖನ್ನೇ ನಾನು ಟೈಪ್ ಮಾಡಿದೆ.

ಆಗಸ್ಟ್ ಮೊದಲ ವಾರ ಸಾಲೇಹಾಬಿ ಅದೇ ಬುಟ್ಟಿ ಹಿಡಿದು ಮತ್ತೆ ಬಾಗಿಲಲ್ಲಿ ನಿಂತರು. ಬೊಂಬಾಯಿ ಬಂದರಿನಲ್ಲಿ ಹಡಗಿನವರು ಎಣಿಸಿದ್ದು ಇಪ್ಪತ್ತೊಂಬತ್ತು. ಒಂದು ದಿನ ಕಡಿಮೆ. ಬೆಕ್ಕನ್ನು ಬಿಟ್ಟು ಹತ್ತು ಎಂದರಂತೆ. ಆಕೆ ಹತ್ತಲಿಲ್ಲ.

"ಯಾರ ಕೈಗೆ ಕೊಡೋದು ಸಾಬ್ ಅಲ್ಲಿ? ಗೊತ್ತಿರೋರು ಒಬ್ರಿಲ್ಲ. ಸೆಪ್ಟೆಂಬರಲ್ಲಿ ಇನ್ನೊಂದು ಜಹಾಜ್‌ಗೆ ಟಿಕೇಟ್ ಬದ್ಲಿ ಮಾಡ್ಕೊಟ್ರು. ಹೆರಿಗೆ ಹೊತ್ತಿಗೆ ಹೋಗ್ಬಿಡ್ತೀನಿ" ಎಂದರು. ಆಮೇಲೆ ಈರಯ್ಯನವರ ಕಡೆ ತಿರುಗಿ, "ಅವತ್ತೇ ಹಾಕಿದ್ರೆ ಏನಾಗ್ತಿತ್ತು ಕಾಂಪೌಂಡರ್ ಸಾಬ್? ಒಂದು ಸೂಜಿ. ಅಷ್ಟು ಕೆಲಸಾನಾ ನಿಮ್ಗೆ?" ಎಂದು ಕೇಳಿದರು.

ಡಾಕ್ಟರು ಅದನ್ನು ಕೇಳಿಸಿಕೊಂಡು ಹೊರಗೆ ಬಂದರು. ಮಂಗಳವಾರ ಬಂದವರಿಗೆ ಬುಧವಾರ ಯಾಕೆ ಹಾಕಿದ್ದು ಎಂದು ಎಲ್ಲರೆದುರು ಗದರಿದರು. ಈರಯ್ಯ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹೇಳುತ್ತೀರೇನು ಎಂದು ಕಾಯುವ ನೋಟ ಅದು. ನಾನು ರಿಜಿಸ್ಟರಿನ ಹಾಳೆ ತಿರುವಿದೆ. ಖಾಲಿ ಹಾಳೆ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

"ತಪ್ಪಾತ್ರೀ" ಎಂದರು ಈರಯ್ಯ. ಅಷ್ಟೇ. ಸಂಜೆ ಸೈಕಲ್ ನಿಲ್ಲಿಸುವಲ್ಲಿ ಅವರ ಹಿಂದೆ ಹೋಗಿ, ಯಾಕೆ ಹಾಗಂದಿರಿ ಎಂದು ಕೇಳಿದೆ. ಕೇಳಲು ಮಾತ್ರ ನನಗೆ ಧೈರ್ಯವಿತ್ತು ನೋಡಿ. "ಸೂಜಿ ನನ್ನ ಕೈಯಾಗಿತ್ತಲ್ರೀ ರಾಯರ. ನಿಮ್ಮ ಮಾತು ನಾ ಯಾಕ ಕೇಳಬೇಕಿತ್ತು?" ಎಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಬರೆ ಹಾಕುವ ಕೆಲಸವೂ ನನ್ನ ಪಾಲಿಗೇ ಬಂತು. ಡಾಕ್ಟರು ಹೇಳಿದಂತೆ ಈರಯ್ಯನವರ ಸರ್ವಿಸ್ ಪುಸ್ತಕದಲ್ಲಿ 'ಕರ್ತವ್ಯದಲ್ಲಿ ನಿರ್ಲಕ್ಷ್ಯ' ಎಂದು ಬರೆದವನು ನಾನು. ಅವರನ್ನು ಸಂಸ್ಥೆಯ ಇನ್ನೊಂದು ಶಾಖೆಗೆ, ಕೃಷ್ಣರಾಜಪುರದ ದನದ ದವಾಖಾನೆಗೆ ಹಾಕಿದರು. ಆ ವರ್ಗದ ಕಾಗದವನ್ನೂ ನಾನೇ ಟೈಪ್ ಮಾಡಿದೆ.

ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ಹಡಗು ನಿಂತಿತು, ಟಪಾಲು ನಿಂತಿತು, ವೀಸಾ ಮುಗಿಯಿತು. ಪರ್ವೀನಳಿಗೆ ಗಂಡು ಮಗುವಾದ ಸುದ್ದಿ ಸಾಲೇಹಾಬಿಗೆ ತಲುಪಿದ್ದು ಮುಂದಿನ ವರ್ಷ, ಲಂಡನ್ನಿನಲ್ಲಿದ್ದ ಯಾರೋ ನೆಂಟರ ಮೂಲಕ. ಖಾಲಿ ಮಾಡಿದ ಮನೆಗೆ ಬೇರೆಯವರು ಬಂದಾಗಿತ್ತು. ಆಕೆ ಒಂದು ಕೋಣೆ ಹಿಡಿದು ಮತ್ತೆ ರಜಾಯಿ ಹೊಲಿಯಲು ಕೂತರು.

೧೯೬೭ರಲ್ಲಿ ಹೊಸ ವೀಸಾಕ್ಕೆ ಅರ್ಜಿ ಹಾಕಬಹುದು ಎಂದು ಯಾರೋ ಹೇಳಿದರು. ಹಿಂದೆ ಕೊಟ್ಟ ವೀಸಾದಲ್ಲಿ ಯಾಕೆ ಹೋಗಲಿಲ್ಲ ಎಂಬುದಕ್ಕೆ ದವಾಖಾನೆಯಿಂದ ಒಂದು ಪತ್ರ ಬೇಕಿತ್ತು. ಸಾಲೇಹಾಬಿ ಸೀದಾ ನನ್ನ ಹತ್ತಿರ ಬಂದರು. ನಾನು ಇಲ್ಲ ಎನ್ನುವವನಲ್ಲ ಎಂದು ಅವರಿಗೆ ನಂಬಿಕೆ. ತಪ್ಪು ಮಾಡಿದವರೇ ಮೊದಲು ಸಹಿ ಹಾಕಲಿ, ಆಮೇಲೆ ತಾವು ಹಾಕುವುದಾಗಿ ಹೇಳಿದರು ಡಾಕ್ಟರು. ಈರಯ್ಯನವರಿಗೆ ಹೇಳಿಕಳಿಸಿದೆ. ಅವರು ಬಸ್ಸು ಹಿಡಿದು ಬಂದರು, ಒಂದು ಕಾಲು ಎಳೆಯುತ್ತಿತ್ತು. ಯಾವುದೋ ಎಮ್ಮೆ ಒದ್ದಿತ್ತಂತೆ.

ಪತ್ರ ಟೈಪ್ ಯಂತ್ರದಲ್ಲೇ ಇತ್ತು. ಕಾಂಪೌಂಡರ್ ಒಂದು ದಿನ ತಡಮಾಡಿದ್ದರಿಂದ ಅರ್ಜಿದಾರರು ಹಡಗು ತಪ್ಪಿಸಿಕೊಂಡರು ಎಂದು ಇಂಗ್ಲಿಷಿನಲ್ಲಿ. ಬೆಳಿಗ್ಗೆಯಿಂದ ಎರಡು ಸಲ ಬೇರೆ ಥರ ಟೈಪ್ ಮಾಡಿದ್ದೆ. ಎರಡನ್ನೂ ಹರಿದು ಹಾಕಿದ್ದೆ.

"ಇದರಾಗ ಯಾರ ಹೆಸರು ಹಾಕೀರಿ ರಾಯರ?" ಎಂದು ಈರಯ್ಯ ಕೇಳಿದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

ಸಾಲೇಹಾಬಿ ಪಕ್ಕದ ಬೆಂಚಿನ ಮೇಲೇ ಇದ್ದರು. ಒಂದೇ ಒಂದು ಮಾತು, ನನ್ನ ಹೆಸರು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಹೊತ್ತಿಗೆ ನೌಕರಿ ಕಾಯಂ ಆಗಿತ್ತು. ಹೆದರಿಕೆಗೆ ಕಾರಣವೇ ಇರಲಿಲ್ಲ. ಆದರೂ "ನಿಮ್ಮದು" ಎಂದೆ.

ಅವರು ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಸಾಲೇಹಾಬಿ ನನಗೆಂದು ತಂದಿದ್ದ ಖಾರಾ ಬಿಸ್ಕತ್ತಿನ ಪೊಟ್ಟಣ ಮೇಜಿನ ಮೇಲಿಟ್ಟು, "ನಿಮ್ಮಂಥೋರು ಇರೋದಕ್ಕೆ ನಮ್ಮಂಥೋರು ಬದುಕಿದೀವಿ ಸಾಬ್" ಎಂದರು. ಈರಯ್ಯನವರ ಕಡೆ ಆಕೆ ಮುಖವನ್ನೂ ತಿರುಗಿಸಲಿಲ್ಲ. ಅವರು ಕಾಲೆಳೆಯುತ್ತ ಬಸ್ಸಿಗೆ ಹೋದರು. ಬಿಸ್ಕತ್ತನ್ನು ನಾನು ಮನೆಗೆ ಒಯ್ದೆ.

ಆ ಅರ್ಜಿಗೆ ಉತ್ತರ ಬರಲಿಲ್ಲ. ಮತ್ತೆ ಹಾಕಿದ್ದಕ್ಕೂ ಬರಲಿಲ್ಲ. ಎಪ್ಪತ್ತೊಂದರಲ್ಲಿ ಇನ್ನೊಂದು ಯುದ್ಧವಾಗಿ ಆ ದಾರಿ ಪೂರ್ತಿ ಮುಚ್ಚಿತು. ಬಿಜ್ಲಿ ಸತ್ತಿತು. ೧೯೭೪ರ ರಂಜಾನ್ ಮುಗಿದ ವಾರ ಸಾಲೇಹಾಬಿಯೂ ಹೋದರು. ಮಗಳನ್ನು ಕಂಡು ಹನ್ನೊಂದು ವರ್ಷವಾಗಿತ್ತು, ಮೊಮ್ಮಗನನ್ನು ಕಂಡೇ ಇರಲಿಲ್ಲ.

ಸುದ್ದಿ ತಿಳಿದ ಭಾನುವಾರ ನಾನು ಕೃಷ್ಣರಾಜಪುರಕ್ಕೆ ಹೋದೆ. ಈರಯ್ಯನವರಿಗೆ ನಿವೃತ್ತಿಗೆ ಎರಡು ತಿಂಗಳಿತ್ತು. ದವಾಖಾನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಂದು ಹಸುವಿನ ಗೊರಸು ತೊಳೆಯುತ್ತಿದ್ದರು. ನಿಂತೇ ಹೇಳಿದೆ, ಇನ್ನು ತಡೆಯಲಾರೆ, ಡಾಕ್ಟರಿಗೆ ಎಲ್ಲ ಹೇಳಿಬಿಡುತ್ತೇನೆ, ಕರಾಚಿಗೂ ಬರೆಯುತ್ತೇನೆ, ನಿಮ್ಮ ಕಾಲು ಹಿಡಿಯುತ್ತೇನೆ ಎಂದು. ಕಣ್ಣೀರೂ ಬಂತು. ಅವರು ಸಮಾಧಾನ ಮಾಡಿಯಾರು ಎಂದು ಒಂದು ಕಡೆ ಆಸೆಯೂ ಇತ್ತು.

ಅವರು ಗೊರಸನ್ನು ಕೆಳಗಿಟ್ಟರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರ ದನಿಯಲ್ಲಿ ಸಿಟ್ಟು ಕೇಳಿದೆ.

"ಆ ಅಕ್ಕಾರ ಮುಂದ ಹೇಳಬೇಕಿತ್ತು. ನಾ ಎರಡ ಸಲ ನಿಮಗ ಬಾಗಿಲ ತಗದ ನಿಂತಿದ್ದೆ. ಆಕಿ ಸಾಯೂತನಾ ನನ್ನ ಕೂಡ ಮಾತಾಡಲಿಲ್ಲ. ಈಗ ನಿಮ್ಮ ಭಾರ ಇಳಿಸಾಕ ನನ್ನ ಹಂತ್ಯಾಕ ಬರಬ್ಯಾಡ್ರಿ. ನಡೀರಿ."

ಹಸು ಅಲುಗಾಡಿತು. ಅವರು ಮತ್ತೆ ಬಗ್ಗಿ ಅದರ ಕಾಲು ಹಿಡಿದರು. ನಾನು ಹೊರಗೆ ಬಂದು, ಹಲಸೂರಿನ ಬಸ್ಸು ಹತ್ತಿದೆ.

ಎರಡು ತಿಂಗಳಿಗೆ ಅವರು ನಿವೃತ್ತರಾಗಿ ಊರಿಗೆ ಹೋದರು. ಅಷ್ಟರಲ್ಲಿ ನಾನು ಹೆಡ್ ಕ್ಲಾರ್ಕ್. ಅವರ ಸರ್ವಿಸ್ ಪುಸ್ತಕವನ್ನು ಮುಚ್ಚುವ ಮೊದಲು ಪುಟ ತಿರುವಿ ನೋಡಿದೆ. 'ಕರ್ತವ್ಯದಲ್ಲಿ ನಿರ್ಲಕ್ಷ್ಯ' ಎಂದು ನನ್ನ ಅಕ್ಷರದಲ್ಲಿತ್ತು. ಪೆನ್ನು ಕೈಯಲ್ಲಿತ್ತು, ಕೋಣೆಯಲ್ಲಿ ಇನ್ನಾರೂ ಇರಲಿಲ್ಲ. ಸಹಿ ಹಾಕಿ ಮುಚ್ಚಿದೆ.